ಲಿಫ್ಟಲ್ಲಿ ಪುಣ್ಯ ಇಲ್ಲ

ಕೊಲ್ಲಿ ನಾಡಿನ ಅಲ್ ಮವಾಲೇಹ್‌ನಲ್ಲಿ ನನ್ನ ಮಗಳ ಪಕ್ಕದ ಮನೆಯ ಕೆಲಸದವಳು ಶ್ರೀಲಂಕಾದವಳು. "ಲಿಫ್ಟಲ್ಲಿ ಪುಣ್ಯ ಇಲ್ಲ, ಅಮ್ಮ" ಎಂದು ಹಾಲನ್ನೂ ಮೆಟ್ಟಿಲು ಹತ್ತಿಯೇ ತರುತ್ತಿದ್ದಳು.

ಅವಳ ಊರಿನ ಪವಿತ್ರ ಬೆಟ್ಟದ ಮೇಲೆ ಬುದ್ಧನ ಹೆಜ್ಜೆಗುರುತಿನ ಗುಡಿಯಿದೆ. ಎಷ್ಟನೇ ಸಲ ಹತ್ತಿದ್ದೋ ಅಷ್ಟು ಸಲ ಅಲ್ಲಿ ಗಂಟೆ ಹೊಡೆಯಬೇಕಂತೆ. ತನ್ನ ಮಗಳ ಹೆರಿಗೆಗೆಂದು ಒಂಬತ್ತನೇ ಸಲ ಹತ್ತುವ ಹರಕೆ ಹೊತ್ತಿದ್ದಳು. ವೀಸಾ ಕೊಟ್ಟು ಕೆಲಸಕ್ಕಿಟ್ಟ ಕಫೀಲ್ ರಜೆ ಕೊಡಲಿಲ್ಲ.

ಊರಲ್ಲಿ ಮಗಳಿಗೆ ನೋವು ಶುರುವಾದ ದಿನ ಬಿಳಿ ಬಟ್ಟೆಯುಟ್ಟು, ಬರಿಗಾಲಲ್ಲಿ, ನನ್ನನ್ನೂ ಎಳೆದುಕೊಂಡು ನಮ್ಮ ಬಿಲ್ಡಿಂಗಿನ ಏಳು ಮಹಡಿ ಹತ್ತಿದಳು. ಮೇಲಿನ ಬ್ಯಾರಿ ವ್ಯಾಪಾರಿಯ ಕಾಲಿಂಗ್ ಬೆಲ್ ಒಂಬತ್ತು ಸಲ ಒತ್ತಿದಳು.

"ಎಂತ ಅಜ್ಜಿ, ಬೆಂಕಿ ಬಿತ್ತಾ?" ಎಂದರು ಅವರು. ವಿಷಯ ಹೇಳಿದೆ.

"ನಿಮ್ಮದು ಮೊದಲ ಸಲ ಅಲ್ವಾ? ಒಂದೇ ಒತ್ತಿ" ಎಂದು ಬಾಗಿಲು ಹಾಕಿಕೊಂಡು ಒಳಗೆ ಕಾದು ನಿಂತರು. ಒತ್ತಿದೆ.

ಇಳಿಯಲು ಲಿಫ್ಟಿನ ಗುಂಡಿಗೆ ಕೈ ಹಾಕಿದೆ. ಅವಳು ನನ್ನ ಕೈ ಹಿಡಿದಳು.

"ಮಗು ಇನ್ನೂ ಹುಟ್ಟಿಲ್ಲ, ಅಮ್ಮ."