ಉಡಿಗೆ ಅಳೆದ ಅಕ್ಕಿ

ಬೆಳಿಗ್ಗೆ ಡಬ್ಬಿ ತೆಗೆದರೆ ಅಕ್ಕಿಯಲ್ಲಿ ಹುಳು. ಮೊರಕ್ಕೆ ಸುರಿದು ಬಿಸಿಲಿಗೆ ಹಿಡಿದು ಕೂತಿದ್ದಾಗ ಊರಿನಿಂದ ತಮ್ಮನ ಫೋನು ಬಂತು. "ಅಕ್ಕಾ, ಪಂಚಮಿಗೆ ಬಾ. ಬರುವಾಗ ಆಧಾರ್ ಕಾರ್ಡ್ ತಗಂಡ್ ಬಾ." ಹಬ್ಬದ ಉಂಡೆ ತಿನ್ನಲು ಆಧಾರ್ ಯಾಕೆಂದು ನನಗೆ ತಿಳಿಯಲಿಲ್ಲ ಎಂದರೆ ನೀವು ನಂಬುವುದಿಲ್ಲ. ಆಮೇಲೆ ಹೇಳುತ್ತೇನೆ ಎಂದು ಫೋನಿಟ್ಟೆ. ಮೊರದ ಅಂಚು ಹತ್ತುತ್ತಿದ್ದ ಹುಳುಗಳನ್ನು ನೋಡುತ್ತಿದ್ದಂತೆ ಗಂಗತ್ತೆ ನೆನಪಾದಳು.

ಗಂಗತ್ತೆ ಅಪ್ಪನ ಒಬ್ಬಳೇ ತಂಗಿ. ತ್ಯಾವಣಿಗೆ ಹತ್ತಿರದ ನಮ್ಮೂರಿಂದ ಅವಳನ್ನು ನ್ಯಾಮತಿ ಕಡೆಗೆ ಕೊಟ್ಟಿದ್ದರು. ದೊಡ್ಡ ಗಂಟಲು. ಬಸ್ಸಿಳಿದು ಮನೆ ಮುಟ್ಟುವಷ್ಟರಲ್ಲಿ ಅರ್ಧ ಬೀದಿಯ ಯೋಗಕ್ಷೇಮ ವಿಚಾರಿಸಿ ಮುಗಿಸಿರುತ್ತಿದ್ದಳು. ಗಂಡನಿಗೆ ಲಕ್ವ ಹೊಡೆದು ಹಾಸಿಗೆ ಹಿಡಿದ ಮೇಲೆ ಪಾಪ, ಕಂಡವರ ಹೊಲಕ್ಕೆ ಕೂಲಿಗೆ ಹೋಗುತ್ತಿದ್ದಳು.

ನಾನು ಹೈಸ್ಕೂಲಿನಲ್ಲಿದ್ದಾಗ ತಾತ ತೀರಿಕೊಂಡರು. ಉಯಿಲಿನಲ್ಲಿ ಸೂಳೆಕೆರೆ ನಾಲೆಯ ಗದ್ದೆ, ಮನೆ, ಎತ್ತು ಎಲ್ಲವೂ ಅಪ್ಪನಿಗೆ. ಮಗಳ ಹೆಸರು ಒಂದು ಸಾಲಿನಲ್ಲೂ ಇಲ್ಲ. ತಾತ ಕೆಟ್ಟವರೇನಲ್ಲ. ಮಗಳಿಗೆ ಕೊಡುವುದೆಂದರೆ ಪಂಚಮಿಗೆ ಕರೆದು ಉಡಿ ತುಂಬುವುದು ಎಂದೇ ಅವರು ತಿಳಿದಿದ್ದರು: ಅಕ್ಕಿ, ಕೊಬ್ಬರಿ, ಬೆಲ್ಲ, ಒಂದು ಕುಪ್ಪಸದ ಬಟ್ಟೆ. ಚನ್ನಗಿರಿಯ ವಕೀಲರೂ ಅತ್ತೆಗೆ, "ಉಯಿಲು ಗಟ್ಟಿ ಐತವ್ವಾ, ಕೋರ್ಟಿಗೆ ಹೋದ್ರೆ ಬಸ್ ಚಾರ್ಜೂ ದಂಡ" ಎಂದುಬಿಟ್ಟರಂತೆ.

ಆದರೂ ಮುಂದೆ ತಂಟೆ ಬೇಡವೆಂದು, ಖಾತೆ ಬದಲಾಯಿಸುವ ಮೊದಲು ತಕರಾರಿಲ್ಲವೆಂಬ ಕಾಗದಕ್ಕೆ ತಂಗಿಯ ಹೆಬ್ಬೆಟ್ಟು ಒತ್ತಿಸಿಕೊಳ್ಳಲು ಅಪ್ಪ ಯೋಚಿಸಿದ. ಅದಕ್ಕೆ ಪಂಚಮಿಗಿಂತ ಒಳ್ಳೆಯ ದಿನ ಯಾವುದು? ನಮ್ಮ ಕಡೆ ಉಡಿ ತುಂಬಿಸಿಕೊಂಡ ಹೆಣ್ಣು ಆಮೇಲೆ ಬಾಯಿಬಿಟ್ಟು ಏನೂ ಕೇಳುವುದಿಲ್ಲ. ತವರು ಕೊಡಬೇಕಾದದ್ದನ್ನು ಕೊಟ್ಟಾಯಿತು ಎಂದು ಅದರ ಅರ್ಥ.

ಅಮ್ಮ ಮೊರದಲ್ಲಿ ಅಕ್ಕಿ ಅಳೆದುಕೊಂಡು ಬಂದಳು. ಗಂಗತ್ತೆ ಸೆರಗು ಒಡ್ಡಲಿಲ್ಲ. ಇನ್ನೂ ಬಿಗಿಯಾಗಿ ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ಈಗ ಬ್ಯಾಡ ಅತ್ತಿಗೆ. ತುಂಬಿಸ್ಕಂಡ್ರೆ ಕೇಳಾಕೆ ಬಾಯಿ ಬರಲ್ಲ. ಅಣ್ಣಾ, ನಾಲೆ ಪಕ್ಕದ ತುಂಡು ನನಗೆ ಬೇಕು."

"ಉಯಿಲಲ್ಲಿ ಇಲ್ಲದ್ದನ್ನ ನಾನೆಲ್ಲಿಂದ ತರ್ಲಿ?" ಅಪ್ಪ ಸಿಡುಕಿದ.

"ಉಯಿಲಲ್ಲಿ ಇದ್ದಿದ್ರೆ ನಿನ್ನ ಯಾಕೆ ಕೇಳ್ತಿದ್ದೆ?"

ಊಟವನ್ನೂ ಮಾಡದೆ ಬಸ್ಸು ಹತ್ತಿದಳು. ಬೀದಿಯಲ್ಲಿ ಅವತ್ತು ಯಾರನ್ನೂ ಮಾತಾಡಿಸಲಿಲ್ಲ.

ಮೊರ ಉಳಿಯಿತು. "ಉಡಿಗೆ ಅಂತ ಅಳೆದ ಅಕ್ಕಿ, ಮನೆಯವ್ರು ಉಣ್ಣಾಕೆ ಬರಲ್ಲ" ಎಂದು ಅಮ್ಮ ಅದನ್ನು ನಡುಮನೆಯ ಗೂಡಿನಲ್ಲಿ, ಅಪ್ಪ ಕೂರುವ ಜಾಗದ ನೇರಕ್ಕೆ ಇಟ್ಟಳು. ಅಮ್ಮ ಜಗಳವಾಡುವ ಹೆಂಗಸಲ್ಲ, ಅವಳ ದಾರಿಯೇ ಬೇರೆ. ದಸರೆಯ ಹೊತ್ತಿಗೆ ಅಕ್ಕಿಗೆ ಹುಳು ಬಿತ್ತು. ಗೋಡೆ ಹತ್ತಿದವು, ನನ್ನ ಪುಸ್ತಕದ ಚೀಲಕ್ಕೆ ಬಂದವು, ಅಪ್ಪನ ಅಂಗಿಯ ಜೇಬಿಗೂ ಇಳಿದವು. ಅಪ್ಪ ಕೊಡವುತ್ತಿದ್ದ. ಒಂದು ದಿನ ತಟ್ಟೆಯ ಮಜ್ಜಿಗೆಯಲ್ಲಿ ತೇಲುತ್ತಿದ್ದ ಹುಳುವನ್ನು ಬೆರಳಿಂದ ತೆಗೆದು, ಕೈ ಹಾಗೇ ಹಿಡಿದುಕೊಂಡು ಕೂತುಬಿಟ್ಟ. "ಅಲ್ಲಿ ಅವಳು ಏನು ಉಣ್ತಾಳೋ" ಎಂದ. ಕೈ ತೊಳೆದವನೇ ನ್ಯಾಮತಿಗೆ ಹೊರಟ.

ನಾಲೆ ಪಕ್ಕದ ತುಂಡು ಅತ್ತೆಯ ಹೆಸರಿಗೆ ಚನ್ನಗಿರಿಯಲ್ಲಿ ನೋಂದಣಿಯಾಯಿತು. ಕಚೇರಿಯ ಮುಂದಿನ ಬೇವಿನ ಮರದ ಕೆಳಗೆ ನಿಂತು, "ಈಗ ತುಂಬ್ರಿ" ಎಂದು ಅವಳೇ ಸೆರಗೊಡ್ಡಿದಳು. ಅಮ್ಮ ಬೇರೆ ಅಕ್ಕಿ ತಂದಿದ್ದಳು. ಅಷ್ಟು ದೊಡ್ಡ ಗಂಟಲಿನವಳು ಸದ್ದೇ ಇಲ್ಲದೆ ಅಳುವುದನ್ನು ನಾನು ನೋಡಿದ್ದು ಅದೊಂದೇ ಸಲ.

ಅದೇ ಅಪ್ಪ ಹೋದ ವರ್ಷ ತೀರಿಕೊಂಡ. ಅವನೂ ಉಯಿಲು ಬರೆದಿಟ್ಟಿದ್ದ. ಅದರಲ್ಲಿ ನನ್ನ ಹೆಸರಿಲ್ಲ. ತಂಗಿಯನ್ನು ಕಂಡ ಕಣ್ಣಿಗೆ ಮಗಳು ಕಾಣಲಿಲ್ಲವಲ್ಲ ಎಂದು ಎಷ್ಟು ಅತ್ತಿದ್ದೇನೋ. ತಕರಾರಿಲ್ಲವೆಂದು ನಾನೂ ಸಹಿ ಹಾಕಿಬಿಡೋಣ, ತಮ್ಮನ ಮನಸ್ಸು ಯಾಕೆ ಮುರಿಯುವುದು ಎಂದು ಇವತ್ತು ಬೆಳಗಿನವರೆಗೂ ಅಂದುಕೊಂಡಿದ್ದೆ.

ಮೊರ ಕೆಳಗಿಟ್ಟು ತಮ್ಮನಿಗೆ ಫೋನು ಮಾಡಿದೆ.

"ಹಬ್ಬಕ್ಕೆ ಬರ್ತೀನಿ ಕಣೋ. ಅಕ್ಕಿ ಮಾತ್ರ ಮೊದ್ಲೇ ಅಳೀಬ್ಯಾಡ್ರಿ. ಮಾತು ಮುಗೀಲಿ."



"ಗಂಗತ್ತೆ ಹಂಗಾ?" ಎಂದ.

"ಹೂಂ. ಗಂಗತ್ತೆ ಹಂಗೇ."