ಉಡಿದಾರದ ನಾಲ್ಕು ಗಂಟು

ಮಾರೇನಹಳ್ಳಿಯ ನಮ್ಮ ಬೀದಿಯಲ್ಲಿ ವೆಂಕಟಲಕ್ಷ್ಮಮ್ಮನವರನ್ನು ಹೆಸರು ಹಿಡಿದು ಕರೆಯುವವರು ಕಡಿಮೆ. ಎಲ್ಲರಿಗೂ ಅವರು ಅಂಗನವಾಡಿ ಮಿಸ್. ಇಪ್ಪತ್ತಾರು ವರ್ಷ ಅನ್ನಪೂರ್ಣೇಶ್ವರಿ ನಗರದ ಕಡೆ ಮಕ್ಕಳಿಗೆ ಉಣ್ಣಿಸಿ, ತೂಕ ನೋಡಿ, ಹೋದ ವರ್ಷ ನಿವೃತ್ತರಾದರು. ಈಗ ಶುಕ್ರವಾರ ದೇವಿಯ ಗುಡಿಯಲ್ಲಿ ನಾವಿಬ್ಬರೂ ಕೂತು ಹೂ ಕಟ್ಟುತ್ತೇವೆ. ಅವರು ಹೇಳುತ್ತಾರೆ, ನಾನು ಕೇಳುತ್ತೇನೆ. ಇದು ಹಾಗೆ ಕೇಳಿಸಿಕೊಂಡದ್ದು.

ಕೊರೊನಾ ಬಂದ ವರ್ಷ ಯುಗಾದಿಯ ದಿನವೇ ಊರೆಲ್ಲ ಬಾಗಿಲು ಹಾಕಿತಲ್ಲ, ಆಗ ಅಂಗನವಾಡಿಯೂ ಮುಚ್ಚಿತು. ಮಕ್ಕಳ ಮತ್ತು ಬಾಣಂತಿಯರ ಆಹಾರವನ್ನು ಮನೆಮನೆಗೆ ಮುಟ್ಟಿಸಬೇಕಾಯಿತು. ಬಸ್ಸಿಲ್ಲ. ವೆಂಕಟಲಕ್ಷ್ಮಮ್ಮ ದಿನಾ ನಡೆದೇ ಹೋಗುತ್ತಿದ್ದರು. ಅರ್ಧಕ್ಕೆ ನಿಂತ ಒಂದು ಕಟ್ಟಡದ ಹಿಂದೆ, ತಗಡಿನ ಶೆಡ್ಡುಗಳಲ್ಲಿ, ರಾಯಚೂರು ಕಡೆಯ ಗಾರೆ ಕೆಲಸದವರಿದ್ದರು. ಕೆಲಸ ನಿಂತಿತ್ತು, ಊರಿಗೆ ಹೋಗಲು ದಾರಿಯಿರಲಿಲ್ಲ. ಆ ಶೆಡ್ಡುಗಳು ಇವರ ಪಟ್ಟಿಯಲ್ಲಿರಲಿಲ್ಲ. ಮೇಲಿನವರನ್ನು ಕೇಳಿ, ಬರೆಸಿ, ಸೇರಿಸಿಕೊಂಡರು.

ಕೊನೆಯ ಶೆಡ್ಡಿನಲ್ಲಿ ಹುಲಿಗೆಮ್ಮ ಎಂಬ ಎಳೆ ತಾಯಿ, ಅವಳ ಗಂಡ, ಅತ್ತೆ ಶಂಕ್ರವ್ವ, ಹದಿನಾಲ್ಕು ತಿಂಗಳ ಮಗ ಲಿಂಗಪ್ಪ. ಸತ್ತ ಅಜ್ಜನ ಹೆಸರು ಕೂಸಿಗೆ.

"ಮಿಸ್ ಅಂತ ಹೆಸರಿಗಿದ್ದೆ ಕಣೇ," ಎಂದರು ವೆಂಕಟಲಕ್ಷ್ಮಮ್ಮ. "ಎರಡು ವಾರ ಬರೀ ಪೊಟ್ಟಣ ಕೊಟ್ಟು, ಸಹಿ ಹಾಕಿಸ್ಕೊಂಡು ಬಂದೆ. ಯಾರ ಹೊಟ್ಟೆಗೆ ಹೋಯ್ತು ಅಂತ ನೋಡ್ಲಿಲ್ಲ."

ಮೂರನೇ ವಾರ ಮಗುವಿನ ಮುಖ ನೋಡಿ ಅವರಿಗೆ ಅನುಮಾನ ಬಂತು. ಕಣ್ಣು ದೊಡ್ಡದಾಗಿ ಕಾಣುತ್ತಿತ್ತು, ಅಳು ಸಣ್ಣಗಾಗಿತ್ತು. ಚೀಲದಿಂದ ಅಳತೆ ಪಟ್ಟಿ ತೆಗೆದರು. ಮಗುವಿನ ತೋಳಿಗೆ ಸುತ್ತಿ ನೋಡುವ ಪಟ್ಟಿ ಅದು. ಹಸಿರಿಗೆ ನಿಂತರೆ ಸಮಾಧಾನ, ಹಳದಿಯಾದರೆ ಎಚ್ಚರ, ಕೆಂಪಾದರೆ ಮಗುವಿನ ಜೀವಕ್ಕೇ ಅಪಾಯ.

ಶಂಕ್ರವ್ವ ಕೂಸನ್ನು ಸೆರಗಿನೊಳಗೆ ಎಳೆದುಕೊಂಡರು. "ಅಳೀಬ್ಯಾಡ್ರಿ ಅಕ್ಕಾರ. ನಮ್ಮಲ್ಲಿ ಅಳಿಯೋದು ಸತ್ತಾಗ, ಕುಣಿ ತೋಡಾಗ. ಜೀವ ಇದ್ದ ಕೂಸಿನ್ನ ಯಾರೂ ಅಳಿಯಂಗಿಲ್ಲ."

"ಆಯ್ತಮ್ಮ, ಅಳೆಯಲ್ಲ. ನೋಡಿ, ಬ್ಯಾಗಿಗೇ ಹಾಕ್ದೆ."

ವಾದ ಮಾಡಲಿಲ್ಲ. ಅಲ್ಲೇ ಇಟ್ಟಿಗೆಯ ಮೇಲೆ ಕೂತರು. ಲಿಂಗಪ್ಪ ಅಂಬೆಗಾಲಿಟ್ಟು ಹೊರಟ. ನಾಲ್ಕು ಹೆಜ್ಜೆಗೆ ಸೊಂಟದ ಕರಿ ಉಡಿದಾರ ತೊಡೆಗೆ ಜಾರಿತು. ಶಂಕ್ರವ್ವ ಅದನ್ನು ಮೇಲೆಳೆದು, ಬಿಗಿ ಮಾಡಿ, ಇನ್ನೊಂದು ಗಂಟು ಹಾಕಿದರು.

"ಸಂತ್ಯಾಗಿನ ದಾರ್ರಿ, ಹಿಗ್ಗತಾದ," ಎಂದರು. "ಯುಗಾದಿ ಆದ್ಮ್ಯಾಗ ಇದು ನಾಲ್ಕನೇ ಗಂಟು."

ವೆಂಕಟಲಕ್ಷ್ಮಮ್ಮನವರಿಗೆ ತಕ್ಷಣ ತಿಳಿಯಿತು. ಮಕ್ಕಳಿರುವ ಯಾವ ಮನೆಯಲ್ಲಾದರೂ ಉಡಿದಾರ ಬಿಗಿಯಾಗಬೇಕು, ತಾಯಿ ಅದನ್ನು ಸಡಿಲ ಮಾಡಬೇಕು. ಇಲ್ಲಿ ತಿರುಗುಮುರುಗಾಗಿತ್ತು. ಆದರೆ ಅದನ್ನು ಬಾಯಿಬಿಟ್ಟು ಹೇಳಲಿಲ್ಲ.

"ಅಮ್ಮಾ, ಹಿಗ್ಗಿದ್ಯೋ ಇಲ್ವೋ ನೋಡೇಬಿಡೋಣ. ಹಬ್ಬಕ್ಕೆ ಮುಂಚೆ ಎಲ್ಲಿಗೆ ಕಟ್ಟಿದ್ರೋ ಅಲ್ಲಿಗೇ ಕಟ್ಟಿ."

ಶಂಕ್ರವ್ವ ನಾಲ್ಕೂ ಗಂಟು ಬಿಚ್ಚಿದರು. ಹಳೆಯ ಗಂಟಿದ್ದ ಜಾಗ ಸವೆದು ಬೆಳ್ಳಗಾಗಿತ್ತು. ಅಲ್ಲಿಗೆ ಕಟ್ಟಿ, ದಾರವನ್ನು ತಮ್ಮ ಎರಡು ಕೈಯಲ್ಲಿ ಎಳೆದು ನೋಡಿದರು. ಅದು ಚೂರೂ ಹಿಗ್ಗಲಿಲ್ಲ. ಕೂಸನ್ನು ನಿಲ್ಲಿಸಿ, ದಾರವನ್ನು ಅದರ ಸೊಂಟಕ್ಕೆ ಏರಿಸಿ ಕೈಬಿಟ್ಟರು. ದಾರ ನೇರ ಪಾದಕ್ಕೆ ಬಿತ್ತು.

ಮುದುಕಿ ಬಗ್ಗಿ ದಾರವನ್ನು ಎತ್ತಿಕೊಂಡರು. ಆಮೇಲೆ ತಾವೇ ಮೊಮ್ಮಗನ ಎಡಗೈ ಹಿಡಿದು ಮುಂದೆ ಚಾಚಿದರು. "ದಾರ ಅಲ್ರೀ. ನನ್ನ ಕೂಸ ಕರಗ್ಯಾನ. ಅಳೀರಿ."

ಪಟ್ಟಿ ಕೆಂಪಿಗೆ ನಿಂತಿತು.

ಅದೇ ದಿನ ಸರ್ಕಾರಿ ಆಸ್ಪತ್ರೆಗೆ ಎತ್ತಿಕೊಂಡು ಹೋದರು. ಡಾಕ್ಟರಮ್ಮ ಪಾದ ಒತ್ತಿ ನೋಡಿದರು, ಊತವಿರಲಿಲ್ಲ. ಜ್ವರವಿರಲಿಲ್ಲ. ಕೊಟ್ಟದ್ದನ್ನು ಮಗು ಚಪ್ಪರಿಸಿತು. "ಹಸಿವು ಸತ್ತಿಲ್ಲ, ಪುಣ್ಯ. ಮನೇಲೇ ತಿನ್ನಿಸಿ, ವಾರ ವಾರ ಕರ್ಕೊಂಡು ಬನ್ನಿ. ತಿನ್ನೋದು ಬಿಟ್ರೆ ಅವತ್ತೇ ಬನ್ನಿ. ತಾಯಿಗೂ ರಕ್ತ ಇಲ್ಲ, ಅವಳನ್ನೂ ನೋಡ್ಕೊಳ್ಳಿ."

ಶೆಡ್ಡಿಗೆ ಬಂದು ಡಬ್ಬ ತೆರೆದು ನೋಡಿದರೆ, ಕೊಟ್ಟ ರಾಗಿಹಿಟ್ಟು ಕಟ್ಟಿದ್ದು ಕಟ್ಟಿದ ಹಾಗೇ ಇತ್ತು.

"ನಿಮ್ಮ ಮುದ್ದಿ ನುಂಗಾಕ ನಮಗ ಬರಂಗಿಲ್ರಿ," ಎಂದಳು ಹುಲಿಗೆಮ್ಮ ನಾಚಿಕೊಂಡು. "ನಾವು ಜ್ವಾಳದ ರೊಟ್ಟಿ ಮಂದಿ."

"ಮುದ್ದೆ ನುಂಗು ಅಂದ್ನಾ ನಾನು? ನೋಡಿಲ್ಲಿ." ಹುರಿದ ರಾಗಿಹಿಟ್ಟಿಗೆ ಹಾಲು, ಬೆಲ್ಲ, ಒಂದು ಚಮಚ ಎಣ್ಣೆ ಹಾಕಿ, ಅವಳದೇ ಒಲೆಯ ಮೇಲೆ ಕೂಸುಗಳಿಗೆ ಕೊಡುವ ರಾಗಿಸರಿ ಗಂಜಿ ಕಾಯಿಸಿದರು. ಲಿಂಗಪ್ಪ ಬಟ್ಟಲು ನೆಕ್ಕಿದ. ಶೇಂಗಾ ಪುಡಿ ಹಾಕುವುದನ್ನು ಶಂಕ್ರವ್ವನೇ ಹೇಳಿಕೊಟ್ಟರು. ಅದು ಹಾಕಿದ ಮೇಲೆ ಇನ್ನೂ ರುಚಿಯಾಯಿತಂತೆ.

ತಾಯಿಯ ಪಾಲಿನ ಮೊಟ್ಟೆಯದು ಬೇರೆ ಕಥೆ. ದಿನಾ ಕೊಟ್ಟರೂ ಹುಲಿಗೆಮ್ಮನ ಕಣ್ಣಿಗೆ ಕಳೆ ಬರಲಿಲ್ಲ. ಕೇಳಿದಾಗ ಮೆಲ್ಲಗೆ ಬಾಯಿಬಿಟ್ಟಳು. ಮೊಟ್ಟೆ ಗಂಡನಿಗೆ ಹೋಗುತ್ತಿತ್ತು, ಅವನು ಅವ್ವನಿಗೆ ಕೊಡುತ್ತಿದ್ದ, ಅವ್ವ ಅರ್ಧ ಮುರಿದು ಮಗನಿಗೇ ತಿನ್ನಿಸುತ್ತಿದ್ದರು. ಯಾರೂ ಕೆಟ್ಟವರಲ್ಲ. ಸೊಸೆ ಕೊನೆಗೆ ಉಣ್ಣುವುದು ಆ ಮನೆಯ ರೂಢಿ, ಅಷ್ಟೇ. ಕೊನೆಗೆ ಉಳಿಯುತ್ತಿದ್ದುದು ಅನ್ನ, ಖಾರ.

"ಸೊಸಿ ಮೊದ್ಲು ಉಣ್ಣೋದು ಎಲ್ಲ್ಯಾರ ಕಂಡೀರೇನ್ರಿ?" ಎಂದರು ಶಂಕ್ರವ್ವ.

"ಕೂಸು ಕುಡಿಯೋದು ಯಾರ ಹಾಲಮ್ಮ? ನಿಮ್ಮ ಮಗಂದಾ?"

ಮೂಲೆಯಲ್ಲಿ ಕೂತಿದ್ದ ಗಂಡ ಬಾಗಿಲಾಚೆ ಎದ್ದುಹೋದ. ಶಂಕ್ರವ್ವ ಸೆರಗು ಬಾಯಿಗಿಟ್ಟುಕೊಂಡು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಅವತ್ತಿನಿಂದ ಮೊದಲ ತಾಟು ಸೊಸೆಗೆ. ಅವಳು ಮೊಟ್ಟೆ ತಿಂದು ಮುಗಿಸುವವರೆಗೆ ಅತ್ತೆ ಎದುರಿಗೇ ಕಾವಲು. "ನುಂಗ, ಇಲ್ಲಾಂದ್ರ ಅಂಗನವಾಡಿ ಅಕ್ಕ ನನ್ನ ಜೀವಾ ತಿಂತಾಳ."

ದಾರಕ್ಕೆ ಮತ್ತೆ ನಾಲ್ಕು ಗಂಟು ಹಾಕಿ ಕೂಸಿಗೆ ಕಟ್ಟಿದ್ದರು. ಮೈ ತುಂಬಿದ ಹಾಗೆ ಒಂದೊಂದೇ ಬಿಚ್ಚಬೇಕೆಂದು ಮಾತು. ಮೊದಲ ವಾರ ಒಂದೂ ಬಿಚ್ಚಲಿಲ್ಲ. ವೆಂಕಟಲಕ್ಷ್ಮಮ್ಮ ಪ್ರತಿ ಸಂಜೆ ದೇವರ ಮುಂದೆ ದೀಪ ಹಚ್ಚಿ, "ಒಂದು ಗಂಟು ತಾಯಿ" ಎಂದು ಬೇಡುತ್ತಿದ್ದರಂತೆ. ಎರಡನೇ ವಾರದ ಕೊನೆಗೆ ಒಂದು ಬಿಚ್ಚಿತು. ಮೇ ತಿಂಗಳ ಶುರುವಿಗೆ ಇನ್ನೊಂದು. ಪಟ್ಟಿ ಹಳದಿಗೆ ಬಂತು.

ಅಷ್ಟರಲ್ಲಿ ಕೂಲಿಯವರನ್ನು ಊರಿಗೆ ಕಳಿಸುವ ಬಸ್ಸು ಬಿಟ್ಟರು.

ಇನ್ನೂ ಎರಡು ಗಂಟು ಉಳಿದಿತ್ತು. ಬೇಡ ಎನ್ನಲು ಇವರಿಗೆ ಯಾವ ಅಧಿಕಾರ? ಹುರಿದ ಹಿಟ್ಟು ಕಟ್ಟಿಕೊಟ್ಟರು, ಊರಿನ ಅಂಗನವಾಡಿಗೆ ತೋರಿಸಲು ಚೀಟಿ ಬರೆದುಕೊಟ್ಟರು, ತಮ್ಮ ಫೋನ್ ನಂಬರನ್ನೂ ಅದರಲ್ಲೇ ಬರೆದರು. ಹೊರಡುವಾಗ ಶಂಕ್ರವ್ವ ಅವರ ಕಾಲಿಗೆ ಬೀಳಲು ಬಗ್ಗಿದರು.

"ನೀವು ದೊಡ್ಡೋರು, ಹಂಗ್ ಮಾಡ್ಬೇಡಿ. ಅವತ್ತು ಕೂಸಿನ ಕೈ ನೀವು ಚಾಚದೇ ಇದ್ದಿದ್ರೆ ನಾನೇನ್ ಮಾಡೋಕಾಗ್ತಿತ್ತು? ಗಂಟಿನ ಲೆಕ್ಕ ಮಾತ್ರ ಮರೀಬೇಡಿ."

ಜೂನ್ ಕಳೆಯಿತು. ಫೋನ್ ಬರಲಿಲ್ಲ. ಕೂಸಿನ ಆ ಮುಖವೇ ಕಣ್ಣ ಮುಂದೆ ಬರುತ್ತಿತ್ತು ಎಂದು ಹೇಳುವಾಗ ಅವರ ಕೈಯ ಹೂ ಹಾಗೇ ನಿಂತಿತು. ನಾಗರಪಂಚಮಿಯ ದಿನ ಯಾವುದೋ ನಂಬರಿನಿಂದ ಕರೆ ಬಂತು. ಅತ್ತ ಶಂಕ್ರವ್ವ, ಫೋನನ್ನು ನಂಬದೆ, ರಾಯಚೂರಿನಿಂದಲೇ ಕೂಗುವವರ ಹಾಗೆ:

"ಅಕ್ಕಾರ, ನಾನು ಶಂಕ್ರವ್ವ. ಗಂಟು ಎಲ್ಲಾ ಬಿಚ್ಚೀವ್ರಿ. ದಾರ ಸಾಲವಲ್ದು. ಇವತ್ತ ಹೊಸಾದು ಕಟ್ಟೀನಿ, ನಿಮ್ಮ ಹೆಸರು ಹೇಳಿ. ಹುಲಿಗೆಮ್ಮ ಉಂಡಾಳ, ನಾವಿನ್ನೂ ಉಂಡಿಲ್ಲ."

ಆಮೇಲೆ ನಿವೃತ್ತಿಯಾಗುವ ತನಕ, ಯಾವ ಮನೆಗೆ ಹೋದರೂ ಪಟ್ಟಿ ತೆಗೆಯುವ ಮೊದಲು ಮಗುವಿನ ಉಡಿದಾರಕ್ಕೊಂದು ಬೆರಳು ತೂರಿಸಿ ನೋಡುತ್ತಿದ್ದರಂತೆ. "ಯಾರು ಹೇಳ್ಕೊಟ್ಟಿದ್ದು ಮಿಸ್ ಇದು?" ಎಂದು ಹೊಸ ಹುಡುಗಿಯರು ಕೇಳಿದರೆ, "ನಮ್ಮ ಶಂಕ್ರವ್ವ," ಎನ್ನುತ್ತಿದ್ದರು.

ಪ್ರತಿ ನಾಗರಪಂಚಮಿಗೆ ಆ ಕರೆ ತಪ್ಪದೆ ಬರುತ್ತದೆ. ಲಿಂಗಪ್ಪ ಈಗ ಶಾಲೆಗೆ ಹೋಗುತ್ತಾನೆ. ಗುಡಿಯಲ್ಲಿ ಆರತಿ ತೆಗೆದುಕೊಳ್ಳುವಾಗ ನಾನೂ ಅವನ ಹೆಸರು ನೆನೆಯುತ್ತೇನೆ, ಕಾಣದ ಕೂಸಾದರೂ.