ಮಿಲ್ಲಿನಕ್ಕನ ಕಿವಿಯೊಳಗಿನ ಸದ್ದು

ಹುಬ್ಬಿನ ಮೇಲೆ, ರೆಪ್ಪೆಯ ತುದಿಗೆ, ಮೂಗುತಿಯ ಸಂದಿಗೆಲ್ಲ ರಾಗಿ ಹಿಟ್ಟು. ಮುಖ ತೊಳೆದ ಮಿಲ್ಲಿನಕ್ಕನನ್ನು ಹಬ್ಬದ ದಿನ ಬಿಟ್ಟರೆ ನಾನು ನೋಡಿದ್ದೇ ಕಡಿಮೆ. ತ್ಯಾಮಗೊಂಡ್ಲುವಿನಲ್ಲಿ ನನ್ನ ಟೈಲರಿಂಗ್ ಅಂಗಡಿಯ ಎದುರಿಗೇ ಅವರ ಹಿಟ್ಟಿನ ಮಿಲ್ಲು. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಆ ಮಿಲ್ಲಿನ ಮುಂದೆ ನಿಂತವರು. ಮಾತಾಡಿದರೆ ಬೀದಿಗೆಲ್ಲ ಕೇಳಬೇಕು. ನಾನು ಊಟ ಮಾಡದೆ ರವಿಕೆ ಹೊಲಿಯುತ್ತಿದ್ದರೆ ಅಲ್ಲಿಂದಲೇ, "ಲೇ, ಮೊದ್ಲು ಉಣ್ಣೇ! ಜಾಕೀಟು ಎಲ್ಲೂ ಓಡೋಗಲ್ಲ," ಎಂದು ಕೂಗುತ್ತಿದ್ದರು.

ಒಂದು ಮಧ್ಯಾಹ್ನ ಕರೆಂಟು ಹೋಗಿ ಮಿಲ್ಲು ನಿಂತಿತ್ತು. ಅಕ್ಕ ನನ್ನ ಅಂಗಡಿಗೆ ಬಂದು ತಲೆ ಬಗ್ಗಿಸಿದರು.

"ಕಿವಿ ಇಟ್ಟು ಕೇಳಮ್ಮ. ಜೀರುಂಡೆ ಕೂಗ್ದಂಗೆ ಕುಯ್ ಅಂತದೆ. ತಿಂಗಳಾಯ್ತು, ನಿಂತೇ ಇಲ್ಲ."

ಅವರ ಕಿವಿಗೆ ನನ್ನ ಕಿವಿ ಹಚ್ಚಿದೆ. ಏನೂ ಕೇಳಲಿಲ್ಲ. ಅಕ್ಕನ ಗಂಡ ಆಗಲೇ "ಕೆಲಸಗಳ್ಳಿ ನಾಟ್ಕ" ಎಂದಿದ್ದರಂತೆ. ಮಿಲ್ಲಿಗೆ ಬಂದವರಿಗೆಲ್ಲ ಅಕ್ಕ ಹೀಗೇ ಕಿವಿ ಒಡ್ಡಿದ್ದರು; ಅವರೆಲ್ಲ ನಕ್ಕು ಹೋಗಿದ್ದರು. ಅಕ್ಕನ ಮುಖ ನೋಡಲಾಗದೆ ನಾನು, "ಹೂಂ ಅಕ್ಕ, ಸಣ್ಣಗೆ ಕೇಳ್ತದೆ," ಎಂದುಬಿಟ್ಟೆ.

ಅಕ್ಕ ಅಲ್ಲೇ ಕೂತು ಅತ್ತರು. ನನಗೂ ಕೇಳಿಸಿತೆಂದು ವಾರವೆಲ್ಲ ಬೀದಿಗೆ ಹೇಳಿಕೊಂಡು ಓಡಾಡಿದರು. ನೆಲಮಂಗಲದ ಕಿವಿ ಡಾಕ್ಟರ ಬಳಿಗೆ ನನ್ನನ್ನೇ ಸಾಕ್ಷಿಗೆ ಕರೆದುಕೊಂಡು ಹೋದರು.

ಡಾಕ್ಟರು ಪರೀಕ್ಷೆ ಮಾಡಿ, "ಮಿಲ್ಲಿನ ಸದ್ದಿಗೆ ಕಿವಿ ಸೋತಿದೆಯಮ್ಮ. ನೀವು ಹೇಳೋದು ನಿಜ, ಆದ್ರೆ ಈ ಸದ್ದು ನಿಮ್ಮೊಬ್ಬರಿಗೇ ಕೇಳೋದು. ಅದು ಪೂರ್ತಿ ಹೋಗೋಕೆ ಮಾತ್ರೆ ಇಲ್ಲ. ಮಿಲ್ಲಲ್ಲಿ ಕಿವಿ ಮುಚ್ಕೊಳಿ. ಮನೇಲಿ ಸಣ್ಣಗೆ ಫ್ಯಾನೋ ರೇಡಿಯೋನೋ ಓಡ್ತಿರಲಿ, ಆ ಸದ್ದಲ್ಲಿ ಇದು ಅಡಗುತ್ತೆ," ಎಂದರು.

ಅಕ್ಕ ನನ್ನ ಕಡೆ ತಿರುಗಿ ನೋಡಿದರು. ನಾನು ಅವರ ಚೀಲ ಎತ್ತಿಕೊಂಡು ಎದ್ದೆ.

ಬಸ್ಸಿನಲ್ಲಿ ಅಕ್ಕ, "ಈ ಒಂದು ವಾರ ಚೆನ್ನಾಗಿ ನಿದ್ದೆ ಬಂತು ಕಣಮ್ಮ," ಎಂದರು. 

ಆಮೇಲೆ ಅವರು ಯಾರಿಗೂ ಕಿವಿ ಇಟ್ಟು ಕೇಳಿ ಎನ್ನಲಿಲ್ಲ. ಕರೆಂಟು ಹೋದಾಗ ಮಾತ್ರ ನನ್ನ ಹೊಲಿಗೆ ಯಂತ್ರದ ಪಕ್ಕ ಬಂದು ಕೂರುತ್ತಿದ್ದರು. "ತುಳೀತಿರು" ಎನ್ನುತ್ತಿದ್ದರು. ಹೊಲಿಯಲು ಬಟ್ಟೆ ಇಲ್ಲದಾಗ ಬರಿದೇ ತುಳಿಯುತ್ತಿದ್ದೆ. ಎಷ್ಟು ತುಳಿದರೂ ಅವರ ಹಣೆಯ ಗಂಟು ಸಡಿಲವಾಗದ ದಿನಗಳಿದ್ದವು. ಅಂಥ ದಿನ ಏನು ಮಾಡಬೇಕೆಂದು ನನಗೆ ತೋಚುತ್ತಿರಲಿಲ್ಲ.

ಹೋದ ವರ್ಷ ಎದೆನೋವೆಂದು ಆಸ್ಪತ್ರೆಗೆ ಹೋದ ಅಕ್ಕ ತಿರುಗಿ ಬರಲಿಲ್ಲ. ನಾನು ಹೇಳಿದ ಸುಳ್ಳಿಗೆ ಅವರು ಒಂದು ದಿನವೂ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಕ್ಷಮೆಯನ್ನಾದರೂ ಕೇಳುತ್ತಿದ್ದೆ.